ಅಮ್ಮನಿಗೆ ಓದಿದ ಅಧ್ಯಾಯ

ಮುಖಪುಟದ ಮೇಲಿದ್ದ ಬಂಗಾರದ ಬಣ್ಣದ ಮುದ್ರೆಯನ್ನು ಅವನು ಉಗುರಿನಿಂದ ಕೆರೆದು ನೋಡಿದ. ಅಂಟಿಸಿದ್ದಾಗಿದ್ದರೆ ಅಂಚಾದರೂ ಏಳಬೇಕಿತ್ತು, ಏಳಲಿಲ್ಲ. ಬಹುಮಾನ ಬಂದ ಮೇಲೆ ಹೊಸದಾಗಿ ಹಾಕಿಸಿದ ಮುದ್ರಣ. ಮುದ್ರೆ ಮುಖಪುಟದ ಜೊತೆಗೇ ಅಚ್ಚಾಗಿತ್ತು. ಐವತ್ತು ದಾಟಿದ ಗಂಡಸು ಬೆಳಗಾಗೆದ್ದು ತಮ್ಮನ ಪುಸ್ತಕವನ್ನು ಕೆರೆಯುತ್ತ ಕೂತಿದ್ದೇನಲ್ಲ, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಬಾಗಿಲ ಕಡೆ ತಿರುಗಿದ. ಟೀ ಲೋಟ ಹಿಡಿದು ಹೆಂಡತಿ ನಿಂತಿದ್ದಳು.

“ಅದು ಬಿಟ್ಕೊಳ್ಳಲ್ಲ,” ಅಂದಳು. “ನಾನೂ ಕೆರೆದು ನೋಡಿದೀನಿ.”

ಲೋಟವನ್ನು ಮೇಜಿನ ಮೇಲಿಟ್ಟು ಹೋಗುವವಳು ಹೋಗಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಪುಸ್ತಕ ಬಂದ ವಾರವೇ ಓದಿ ಮುಗಿಸಿದ್ದಳು. ಓದಿ ಎರಡು ದಿನ ಅತ್ತೆಯ ಮುಖ ನೋಡಲು ಹಿಂಜರಿದಿದ್ದಳು. “ಇವತ್ತು ಒಂಬತ್ತನೇ ಅಧ್ಯಾಯ ಅಲ್ವಾ?” ಎಂದು ಕೇಳಿದಳು. ಅವನು ಹೂಂಗುಟ್ಟಿದ. “ಅದನ್ನ ಅತ್ತೆಗೆ ಓದ್ತೀರಾ?” ಅವನು ಟೀ ಕುಡಿದ. ನಾಲಿಗೆ ಸುಟ್ಟಿತು. ಈ ಮನೆಯಲ್ಲಿ ಯಾರಿಗೂ ಒಂದು ಲೋಟ ಟೀಯನ್ನು ಕುಡಿಯುವ ಹದಕ್ಕೆ ಕೊಡಲು ಬರುವುದಿಲ್ಲ ಎಂದು ಸಿಟ್ಟು ಬಂತು. ಸಿಟ್ಟು ಟೀಯ ಮೇಲಲ್ಲ ಎಂದು ಗೊತ್ತಿತ್ತು, ಆದರೂ ಟೀಯ ಮೇಲೇ ಇರಲಿ ಎಂದುಕೊಂಡ.

ತಮ್ಮ ಹೊರದೇಶದಲ್ಲಿ ಪಾಠ ಹೇಳುತ್ತಾನೆ, ಇಂಗ್ಲಿಷ್‌ನಲ್ಲಿ ಬರೆಯುತ್ತಾನೆ. ಅವನ ಎರಡನೆಯ ಕಾದಂಬರಿಗೆ ದೊಡ್ಡ ಬಹುಮಾನ ಬಂದು, ಅವನ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂದು, ಅದುವರೆಗೆ ಮಾತಾಡಿಸದ ಎದುರುಮನೆಯವರು ಕೂಡ ಗೇಟಿನ ತನಕ ಬಂದು ಅಮ್ಮನ ಕೈ ಹಿಡಿದುಕೊಂಡು ಹೋಗಿದ್ದರು. ಅಮ್ಮನಿಗೆ ಇಬ್ಬರು ಮಕ್ಕಳು, ದೊಡ್ಡವನು, ಚಿಕ್ಕವನು. ಹೆಸರು ಹಿಡಿದು ಕರೆದದ್ದೇ ಇಲ್ಲ. ದೊಡ್ಡವನು ಮೂರು ಕಥಾಸಂಕಲನ ಬರೆದ. ಮೂರನ್ನೂ ಬಲ್ಲವರು ಮೆಚ್ಚಿದರು, ಆ ಬಲ್ಲವರೆಲ್ಲ ಒಂದು ಕೋಣೆಯಲ್ಲಿ ಹಿಡಿಸುತ್ತಿದ್ದರು. ಆಮೇಲೆ ಒಂದು ದಿನ ಕಥೆ ಬರುವುದು ನಿಂತುಹೋಯಿತು. ಹೊಟ್ಟೆಪಾಡಿಗೆ ಅನುವಾದ ಹಿಡಿದ. ಮಿಕ್ಸಿಯ ಜೊತೆ ಬರುವ ಸೂಚನೆಗಳು, ಮಾತ್ರೆ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಕರಪತ್ರ, ನಡುನಡುವೆ ಇಂಗ್ಲಿಷ್‌ನಲ್ಲಿ ಹೆಸರು ಮಾಡಿದ ನಮ್ಮವರ ಕಾದಂಬರಿಗಳು. ಮೊದಲೆಲ್ಲ ಇಂಗ್ಲಿಷ್ ಕಾದಂಬರಿ ಎಂದರೆ ಹೊರಗಿನವರದು. ನೋಡನೋಡುತ್ತಿದ್ದಂತೆ ನಮ್ಮ ಅಡುಗೆಮನೆ, ನಮ್ಮ ಜಗಳ, ನಮ್ಮ ಅಜ್ಜಿಯರ ಬೈಗುಳವೆಲ್ಲ ಇಂಗ್ಲಿಷಿಗೆ ಹೋಗಿ, ಅಲ್ಲಿ ಬಹುಮಾನ ತಗೊಂಡು, ಅನುವಾದವಾಗಿ ವಾಪಸು ಮನೆಗೆ ಬರುವ ಕಾಲ ಬಂತು. ವಾಪಸು ತಂದು ಬಿಡುವವನು ಅವನು. ಅದನ್ನೂ ಅವನು ಒಳ್ಳೆಯದಾಗೇ ಮಾಡುತ್ತಿದ್ದ, ಯಾಕೆಂದರೆ ಅವನಿಗೆ ಅಮ್ಮನ ಕಿವಿ ಇತ್ತು.

ಅವನು ಕೆಲಸ ಮಾಡುವ ರೀತಿಯೇ ಅದು. ಕಾಗದದ ಮೇಲೆ ನೇರ ಬರೆಯುತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕ ಹಿಡಿದು ಅಮ್ಮನ ಕೋಣೆಯಲ್ಲಿ ಕೂತು, ಕಣ್ಣು ಇಂಗ್ಲಿಷ್ ಓದುತ್ತಿರುವಾಗ ಬಾಯಿ ಕನ್ನಡ ಹೇಳಬೇಕು. ಅಮ್ಮ ಕೇಳಿಸಿಕೊಳ್ಳುತ್ತಾಳೆ. “ಇದು ಯಾರೋ ಹೇಳಿಕೊಟ್ಟ ಹಾಗಿದೆ” ಎಂದರೆ ಆ ವಾಕ್ಯ ಕೆಟ್ಟಿತು ಎಂದರ್ಥ. ಇನ್ನೊಂದು ಸಲ, ಮತ್ತೊಂದು ಸಲ ಹೇಳಬೇಕು, ಅವಳು ಸುಮ್ಮನಾಗುವ ತನಕ. ಸುಮ್ಮನಾದರೆ ಸರಿಯಾಯಿತು. ಆಮೇಲೆ ತನ್ನ ಮೇಜಿಗೆ ಬಂದು ಬರೆದಿಡುವುದು. ಕಥೆ ಬರೆಯುತ್ತಿದ್ದ ಕಾಲದಲ್ಲೂ ಹಾಗೇ, ಪತ್ರಿಕೆಗೆ ಕಳಿಸುವ ಮುಂಚೆ ಅಮ್ಮನಿಗೆ ಓದಲೇಬೇಕು. “ಏನು ಬರೆದ್ರೂ ಮೊದಲು ನನಗೆ ಓದು” ಎಂದು ಅವಳೇ ಮಾಡಿದ ಕಟ್ಟಳೆ. ಆಗ ಅವಳಿಗೆ ಕಣ್ಣು ನೆಟ್ಟಗಿತ್ತು, ತಾನೇ ಓದಬಹುದಿತ್ತು. ಈಗ ಕಿಟಕಿ ಇರುವುದು ಯಾವ ಕಡೆ ಎಂದಷ್ಟೇ ಗೊತ್ತಾಗುತ್ತದೆ, ಕಿವಿಯೂ ಒಂದಿಷ್ಟು ಮಂದ, ಗಟ್ಟಿಯಾಗಿ ಓದಬೇಕು. ಇಡೀ ಜಗತ್ತಿನಲ್ಲಿ ತನ್ನ ಬರವಣಿಗೆಯನ್ನು ಕಿವಿಗೊಟ್ಟು ಕೇಳಿದ ಜೀವ ಇದೊಂದೇ ಎಂದು ಅವನು ನಂಬಿದ್ದ. ಬಹುಮಾನ ಬರದ ಸಂಕಟ ಗಂಟಲಿಗೆ ಬಂದಾಗಲೆಲ್ಲ ಆ ನಂಬಿಕೆಯನ್ನೇ ನುಂಗಿ ನೀರು ಕುಡಿಯುತ್ತಿದ್ದ.

ಚಿಕ್ಕವನ ಪುಸ್ತಕವನ್ನು ದೊಡ್ಡವನೇ ಕನ್ನಡಕ್ಕೆ ತರಬೇಕು ಎಂದು ಪ್ರಕಾಶಕ ಕಾಲಿಗೆ ಬೀಳುವುದೊಂದು ಬಾಕಿ. ನಿನ್ನೆ ಮತ್ತೆ ಫೋನ್ ಮಾಡಿದ್ದ. “ಸಾರ್, ಮುಖಪುಟದ ಮೇಲೆ ‘ಅನುವಾದ: ಲೇಖಕರ ಅಣ್ಣ’ ಅಂತ ಹಾಕಿದ್ರೆ ಹೆಂಗಿರತ್ತೆ? ಜನಕ್ಕೆ ಥಟ್ಟಂತ ಹಿಡಿಯತ್ತೆ.” ನನಗೊಂದು ಹೆಸರಿದೆಯಲ್ಲ ಎಂದು ಇವನು ಹೇಳಿದ್ದಕ್ಕೆ, “ಅಯ್ಯೋ, ಒಳಗಡೆ ಹಾಕೋಣ ಸಾರ್, ಖಂಡಿತ ಹಾಕೋಣ” ಎಂದು ಸಮಾಧಾನ ಮಾಡಿದ್ದ. ಹಿಂದಿನ ರಟ್ಟಿಗೆ ತೀರ್ಪುಗಾರರ ಮಾತು ಬೇಕು ಎಂದಿದ್ದ. ಇಂಗ್ಲಿಷ್‌ನಲ್ಲಿ ಇರುವುದು ಒಂದೇ ಸಾಲು. ಅವನು ಅದನ್ನು ನಾಲ್ಕು ಥರ ಬರೆದು ನಾಲ್ಕನ್ನೂ ಹೊಡೆದುಹಾಕಿದ್ದ: ಹೆತ್ತ ತಾಯಿಯನ್ನೂ ಬಿಡದ ಪ್ರಾಮಾಣಿಕತೆ. ಹೋದ ತಿಂಗಳು ಕಾಲೇಜಿನಲ್ಲಿ ‘ಭಾರತೀಯ ಇಂಗ್ಲಿಷ್ ಕಾದಂಬರಿಯ ಏಳಿಗೆ’ ಎಂದು ವಿಚಾರಗೋಷ್ಠಿ ಇಟ್ಟುಕೊಂಡಿದ್ದರು. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದರು. ಒಬ್ಬ ಹುಡುಗಿ ಎದ್ದು ನಿಂತು, ನಿಮ್ಮ ತಮ್ಮ ಚಿಕ್ಕಂದಿನಲ್ಲಿ ಹೇಗಿದ್ದರು ಸರ್ ಎಂದಳು. “ನಾವು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ” ಎಂದ. ಸಭೆ ಚಪ್ಪಾಳೆ ತಟ್ಟಿತು. ಹೊಗಳಿದೆ ಎಂದುಕೊಂಡರು ಪಾಪ.

ಕೇಳಿಸಿಕೊಂಡಿದ್ದ, ನಿಜ. ಕೆಲವು ವರ್ಷದ ಹಿಂದೆ, ಯಾವುದೋ ಊರಿನ ಬಸ್ ನಿಲ್ದಾಣದ ಬೆಂಚು, ಬಸ್ಸು ತಡ, ಇಬ್ಬರೂ ಚಿಕ್ಕಮ್ಮನ ಮಣ್ಣು ಮುಗಿಸಿ ಬರುತ್ತಿದ್ದವರು, ಮನಸ್ಸು ಮೆತ್ತಗಾಗಿತ್ತು. ಅಪ್ಪ ಸತ್ತಾಗ ಚಿಕ್ಕವನು ಚಿಕ್ಕಮ್ಮನ ಮನೆಯಲ್ಲಿ ಓದುತ್ತಿದ್ದ, ಏನೂ ಕಂಡವನಲ್ಲ. ಅಪ್ಪ ಹೇಗೆ ಹೋದ್ರು ಅಂತ ನನಗೆ ಯಾರೂ ಸರಿಯಾಗಿ ಹೇಳ್ಲೇ ಇಲ್ಲ ಅಣ್ಣ, ಎಂದ. ದೊಡ್ಡವನು ಹೇಳಿದ. ಅಪ್ಪ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದು. ಕೈಕಾಲು ಬಿದ್ದುಹೋಗಿದ್ದರೂ ಬಾಯಿ ಮಾತ್ರ ಬಿದ್ದಿರಲಿಲ್ಲ, ಅಮ್ಮನನ್ನು ಬಯ್ಯದ ದಿನವಿರಲಿಲ್ಲ. ಆ ಮಧ್ಯಾಹ್ನ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಒಳಗಿಂದ ಅಪ್ಪ ನೀರು ಎಂದು ಕೂಗಿದರು. ಬಾಚಣಿಗೆ ನಿಂತಿತು. ಮತ್ತೆ ಕೂಗಿದರು. ಬಾಚಣಿಗೆ ಮತ್ತೆ ಓಡತೊಡಗಿತು. ಕೂಗು ಸಣ್ಣದಾಗುತ್ತ ಹೋಯಿತು, ಅಮ್ಮ ಜಡೆ ಹಾಕಿ, ಬಿಚ್ಚಿ, ಇನ್ನೊಂದು ಸಲ ಹಾಕಿದಳು. ಒಳಗೆ ಹೋದಾಗ ಎಲ್ಲ ಮುಗಿದಿತ್ತು. ಚಿಕ್ಕವನು ಕಣ್ಣು ಮಿಟುಕಿಸದೆ ಕೇಳಿದ. “ಬಾಚಣಿಗೆ ನಿಂತಿತಾ? ನೀನು ನೋಡಿದೆಯಾ?” ಎಂದ. ಪಾಪ, ದುಃಖದಲ್ಲಿ ಕೇಳುತ್ತಿದ್ದಾನೆ ಎಂದುಕೊಂಡು ದೊಡ್ಡವನು, ಎಲ್ಲಿಂದ ನೋಡಿದೆ ಎಂದು ಹೇಳದೆ, ಹೂಂ ಎಂದು ತಮ್ಮನ ಬೆನ್ನು ಸವರಿದ್ದ. ಈಗ ಕಾದಂಬರಿಯಲ್ಲಿ ಆ ಬಾಚಣಿಗೆಗೇ ಮೂರು ಪುಟ. ಹಾಳಾದವನು, ಎಷ್ಟು ಚೆನ್ನಾಗಿ ಬರೆದಿದ್ದಾನೆ. ಮೊದಲ ಸಲ ಓದಿದಾಗ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಅಮ್ಮನ ಮಾನ ಹೋಯಿತಲ್ಲಾ ಎಂದೋ, ಇದು ನನ್ನ ಕೈಯಿಂದ ಹೋಯಿತಲ್ಲಾ ಎಂದೋ, ಅವನಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ತಮ್ಮನಿಗೆ ಹೇಳುವಾಗ ಅವನು ಒಂದು ವಿಷಯ ಬಿಟ್ಟಿದ್ದ. ಆ ಮಧ್ಯಾಹ್ನ ಅವನು ಅಪ್ಪನ ಪಕ್ಕದ ಕೋಣೆಯಲ್ಲೇ ಇದ್ದ. ಕಾಲೇಜಿಗೆ ಸೇರಿದ ವರ್ಷ. ತನ್ನ ಮೊದಲ ಕಥೆ ಬರೆಯುತ್ತ ಕಿಟಕಿಯ ಹತ್ತಿರ ಕೂತಿದ್ದ. ಕೂಗು ಅವನಿಗೆ ಅಮ್ಮನಿಗಿಂತ ಹತ್ತಿರದಿಂದ ಕೇಳಿಸಿತ್ತು. ಅಮ್ಮ ಹೋಗುತ್ತಾಳೆ ಎಂದುಕೊಂಡ. ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು, ಎದ್ದರೆ ತಪ್ಪಿಹೋಗುತ್ತದೆ ಎಂದು ಭಯ. ತಲೆಯೆತ್ತಿ ಕಿಟಕಿಯಲ್ಲಿ ನೋಡಿದ, ಬಾಚಣಿಗೆ ನಿಂತದ್ದು ಕಂಡಿತು, ಮತ್ತೆ ಓಡಿದ್ದು ಕಂಡಿತು. ತಲೆ ತಗ್ಗಿಸಿ ವಾಕ್ಯ ಮುಗಿಸಿದ. ಆ ಕಥೆ ಅಚ್ಚಾಯಿತು ಕೂಡ. ಆ ವಾಕ್ಯ ಯಾವುದೆಂದು ಅವನಿಗೆ ಇವತ್ತಿಗೂ ಗೊತ್ತು, ಎಂಥ ಪೊಳ್ಳು ವಾಕ್ಯ ಅಂದರೆ ನೆನೆಸಿಕೊಂಡರೆ ಮೈ ಪರಚಿಕೊಳ್ಳಬೇಕು ಅನ್ನಿಸುತ್ತದೆ. ತಮ್ಮನಿಗೆ ಹೇಳುವಾಗ ಆ ಕೋಣೆಯನ್ನೇ ತೆಗೆದುಹಾಕಿದ. ಕಾದಂಬರಿಯ ಮನೆಯಲ್ಲಿ ಆ ಕೋಣೆ ಇಲ್ಲ, ಪಕ್ಕದಲ್ಲಿ ಕೂತ ಮಗನೂ ಇಲ್ಲ. ಹಾಸಿಗೆಯಲ್ಲಿ ಗಂಡ, ಹಿತ್ತಲಲ್ಲಿ ಹೆಂಡತಿ, ಅಷ್ಟೇ. ಜಗತ್ತು ಅಮ್ಮನೊಬ್ಬಳ ಕಡೆ ಬೆರಳು ತೋರಿಸುತ್ತಿದೆ, ಆ ಬೆರಳನ್ನು ಹಾಗೆ ತಿರುಗಿಸಿಟ್ಟವನು ತಾನು.

“ಬಂದ್ಯಾ?” ಎಂದಳು ಅಮ್ಮ. ಹಾಸಿಗೆಯ ಮೇಲೆ ಗೋಡೆಗೆ ಒರಗಿ, ಹೊದಿಕೆಯನ್ನು ಮಂಡಿಯ ತನಕ ಎಳೆದುಕೊಂಡು, ಪಾಠಕ್ಕೆ ಕೂತ ಮಗುವಿನ ಹಾಗೆ ಸಿದ್ಧವಾಗಿದ್ದಳು. ಕೂದಲು ತೆಳ್ಳಗಾಗಿ ನೆತ್ತಿ ಕಾಣುತ್ತಿತ್ತು. “ಎದುರುಮನೆ ಟೀಚರಮ್ಮ ಬಂದಿದ್ಲು. ಕನ್ನಡದಲ್ಲಿ ಬಂದ ತಕ್ಷಣ ದಿನಾ ಬಂದು ನಾನೇ ಓದಿ ಹೇಳ್ತೀನಿ ಅಂದ್ಲು. ನನ್ನ ಮಗ ಆಗ್ಲೇ ಓದಿ ಹೇಳ್ತಿದಾನೆ ಕಣಮ್ಮ ಅಂದೆ. ಇನ್ನೊಂದ್ಸಲ ಕೇಳೋಣ ಬಿಡಿ ಅಂದ್ಲು.” ಇದುವರೆಗೆ ಅವನು ಯೋಚಿಸಿದ್ದು ಇವತ್ತೊಂದು ದಿನ ಹೇಗೆ ದಾಟುವುದು ಎಂದಷ್ಟೇ. ಒಂಬತ್ತನ್ನು ಹಾರಿಸಿ ಹತ್ತಕ್ಕೆ ಹೋದರೂ ಅಮ್ಮನಿಗೆ ತಿಳಿಯುವುದಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದ್ದ. ಅಚ್ಚಾದ ಪುಸ್ತಕ ಹಿಡಿದು ಟೀಚರಮ್ಮ ಇದೇ ಕುರ್ಚಿಯಲ್ಲಿ ಕೂತು, ಗಟ್ಟಿ ದನಿಯಲ್ಲಿ, ಅಕ್ಷರ ಅಕ್ಷರ ಓದುತ್ತಾಳೆ ಎಂಬುದು ಹೊಳೆದಿರಲಿಲ್ಲ. ಪುಸ್ತಕ ತೆರೆದ.

ಅಧ್ಯಾಯದ ಮೊದಲರ್ಧ ಇದ್ದ ಹಾಗೇ ಹೇಳಿದ. ಮನೆ, ಬಿಸಿಲು, ಮದ್ದಿನ ವಾಸನೆ, ಹಾಸಿಗೆಯಿಂದ ಬರುವ ಬೈಗುಳ. “ಅವರು ಹಾಗೇ ಬಯ್ತಿದ್ದದ್ದು,” ಎಂದಳು ಅಮ್ಮ, “ಇವನಿಗೆ ಹೇಗೆ ಗೊತ್ತಾಯ್ತೋ.” ಅವನು ಮುಂದುವರಿದ. ಹೆಂಗಸು ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತಳು. ಬಾಚಣಿಗೆ ತೆಗೆದಳು. ಅಮ್ಮನ ಕೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು. ಒಳಗಿಂದ ನೀರು ಎಂಬ ಕೂಗು ಬಂತು ಎಂದು ಅವನು ಓದಿದ. ಅಮ್ಮನ ಮುಖ ನೋಡಿದ. ಆ ಮುಖದಲ್ಲಿ ಏನೂ ಆಗಲಿಲ್ಲ. ಉಸಿರು ಮಾತ್ರ ನಿಂತಿತ್ತು. ಏಟು ಬೀಳುತ್ತದೆ ಎಂದು ಗೊತ್ತಿರುವ ದನ ಹೀಗೆ ನಿಲ್ಲುತ್ತದೆ. ಅವನ ಕಣ್ಣು ಮತ್ತೆ ಇಂಗ್ಲಿಷ್ ಸಾಲಿಗೆ ಬಂತು, ಬಾಚಣಿಗೆ ನಿಂತಿತು, ಮತ್ತೆ ಓಡಿತು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಾಯಿ ಹೇಳಿತು: “ಅವಳು ಬಾಚಣಿಗೆಯನ್ನು ಮೆಟ್ಟಿಲ ಮೇಲೇ ಬಿಟ್ಟು, ಬಿಚ್ಚುಗೂದಲಲ್ಲೇ ಎದ್ದು ಒಳಗೆ ಹೋದಳು.”

ಒಂದು ವಾಕ್ಯಕ್ಕೆ ನಿಲ್ಲುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ. ಎಷ್ಟೋ ವರ್ಷ ಬತ್ತಿಹೋಗಿದ್ದದ್ದು ಎಲ್ಲಿತ್ತೋ, ವಾಕ್ಯದ ಹಿಂದೆ ವಾಕ್ಯ ತಾನಾಗಿ ಬಂತು. ಅವಳು ಹೂಜಿಯಿಂದ ನೀರು ಬಗ್ಗಿಸಿದಳು. ಗಂಡನ ತಲೆಯನ್ನು ಮೊಣಕೈ ಮೇಲೆ ತಗೊಂಡಳು. ಇಷ್ಟು ಹಗುರಾದ ತಲೆಯಿಂದ ಅಷ್ಟು ಬೈಗುಳ ಬರುತ್ತಿತ್ತೇ ಎಂದು ಬೆರಗಾಯಿತು. ಚಮಚದಲ್ಲಿ ಹಾಕಿದ ನೀರು ತುಟಿಯ ಪಕ್ಕದಲ್ಲಿ ಹರಿದು ಕಿವಿಯ ತನಕ ಹೋಯಿತು. ಟವೆಲಿನಿಂದ ಒರೆಸಿದಳು. ಇನ್ನೊಂದು ಚಮಚ ಹಾಕಿದಳು, ಅದು ಒಳಗೆ ಹೋಯಿತು. ಅವಳ ಬಿಚ್ಚುಗೂದಲು ಅವನ ಎದೆಯ ಮೇಲೆ ಬಿದ್ದಿತ್ತು, ಅವನು ಅದನ್ನು ಸರಿಸು ಎನ್ನಲಿಲ್ಲ. ಸಾಕು, ಎಂದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ. ದೊಡ್ಡವನು ಪುಟ ಮಗುಚುವುದನ್ನೂ ಮರೆತು ಹೇಳುತ್ತ ಹೋದ. ಹೆಂಡತಿ ಬಾಗಿಲಿಗೆ ಬಂದು ನಿಂತದ್ದು ಗೊತ್ತಾಯಿತು, ನಿಲ್ಲಿಸಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಅಮ್ಮನ ಮೇಲಿನ ಮರುಕಕ್ಕಲ್ಲ, ಬರೆಯುವ ಸುಖಕ್ಕೆ ಎಂದು ಗೊತ್ತಾಗಿ ನಾಚಿಕೆಯಾಯಿತು. ನಾಚಿಕೆಯಾದರೂ ಸುಖ ಕಮ್ಮಿಯಾಗಲಿಲ್ಲ.

ಮುಗಿದ ಮೇಲೆ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆ ಕಣ್ಣಲ್ಲಿ ನೋಟ ಹೋಗಿದ್ದರೂ ನೀರು ಹೋಗಿರಲಿಲ್ಲ, ಧಾರಾಳವಾಗಿ ಇಳಿಯುತ್ತಿತ್ತು. “ಇದು ಯಾರೋ ಹೇಳಿಕೊಟ್ಟ ಹಾಗೆ ಕೇಳಿಸ್ಲೇ ಇಲ್ಲ ಕಣೋ,” ಎಂದಳು ಕೊನೆಗೆ. “ಇಷ್ಟು ದಿನ ಕೇಳಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ. ಎಂಥಾ ಕೈ ನಿನ್ನ ತಮ್ಮಂದು! ಅದಕ್ಕೇ ಬಹುಮಾನ ಬಂದಿರೋದು ಅವನಿಗೆ.” ಮೂಗು ಒರೆಸಿಕೊಂಡು, ಮಗನ ಮೊಣಕಾಲು ಎಲ್ಲಿದೆ ಎಂದು ತಡಕಿ ತಟ್ಟಿದಳು. “ನೀನೂ ಅಷ್ಟು ವರ್ಷ ಬರೆದೆ. ಹೀಗೆ ಒಂದಾದ್ರೂ ಯಾಕೆ ಬರೀಲಿಲ್ವೋ?” ಅವನು ನಕ್ಕ. ಬೇರೇನು ಮಾಡುವುದು?

ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಕೇಳಿದಳು. “ಪುಸ್ತಕದಲ್ಲಿ ಹಾಗಿಲ್ವಲ್ಲ.”

“ಇಲ್ಲ.”

“ಅಚ್ಚಿಗೆ ಹೇಗೆ ಕೊಡ್ತೀರಾ?”

“ಇದ್ದದ್ದು ಇದ್ದ ಹಾಗೆ ಕೊಡ್ಬೇಕು. ಕರಾರಿಗೆ ರುಜು ಹಾಕಿದೀನಿ.”

“ಕರಾರಂತೆ ಕರಾರು! ಟೀಚರಮ್ಮ ಓದೋ ದಿನ ಅತ್ತೆ ಎದೆ ಒಡೆದು ಹೋಗತ್ತೆ ಅಷ್ಟೇ. ನಿಮ್ಮ ತಮ್ಮನಿಗೆ ಫೋನ್ ಮಾಡಿ, ಕನ್ನಡದಲ್ಲಿ ಆ ಭಾಗ ಬದಲಾಯಿಸ್ತೀನಿ ಅಂತ ಕೇಳಿ. ಅವನ ಕೈಲಿದೆ ಅದು. ಕೇಳೋಕೇನು ಬಾಯಿ ಸವೆಯತ್ತಾ?” ಬಾಯಿ ಸವೆಯುವುದಿಲ್ಲ, ಬೇರೇನೋ ಸವೆಯುತ್ತದೆ. ತಮ್ಮನ ಮುಂದೆ ನಿಂತು, ನಿನ್ನ ಪುಸ್ತಕಕ್ಕೆ ನಾನು ಬರೆದದ್ದನ್ನು ಸೇರಿಸಿಕೊಳ್ಳುತ್ತೀಯಾ ಎಂದು ಕೇಳಬೇಕು. ಆದರೂ ಕೇಳಲೇಬೇಕು. ತಮ್ಮನಿಗೆ ಏನು ಹೇಳುವುದು, ಬಸ್ ನಿಲ್ದಾಣದಲ್ಲಿ ಬಿಟ್ಟದ್ದನ್ನೂ ಈಗ ಹೇಳುವುದೇ, ಹೇಳಿದರೆ ಅವನು ಅದನ್ನೂ ಕಣ್ಣು ಮಿಟುಕಿಸದೆ ಕೇಳಿ ಮುಂದಿನ ಕಾದಂಬರಿಗೆ ಇಟ್ಟುಕೊಳ್ಳುತ್ತಾನೇನೋ ಎಂದು ಯೋಚಿಸುತ್ತ ನಿಂತಿದ್ದ. ಅಷ್ಟರಲ್ಲಿ ಕೋಣೆಯಿಂದ ಅಮ್ಮ ಕರೆದಳು. “ಚಿಕ್ಕವನಿಗೆ ಫೋನ್ ಹಚ್ಚೋ. ನಾನು ಅವನ ಹತ್ರ ಮಾತಾಡ್ಬೇಕು, ಈಗಲೇ.”

ಅವಳಿಗೆ ಫೋನು ಕಿವಿಗೆ ಹಿಡಿದರೆ ಕೇಳಿಸುವುದಿಲ್ಲ. ಸ್ಪೀಕರ್ ಹಾಕಿ ಹೊದಿಕೆಯ ಮೇಲಿಟ್ಟ. ಆ ಕಡೆಯಿಂದ ಚಿಕ್ಕವನ ಗೆಲುವಾದ ದನಿ ಬಂತು, “ಅಮ್ಮಾ, ಹೇಗಿದೀಯಾ? ಯಾವ ಅಧ್ಯಾಯಕ್ಕೆ ಬಂದ್ರಿ?”

“ನಿಮ್ಮಪ್ಪ ಹೋದ ದಿನದ್ದು ಕೇಳ್ದೆ ಕಣೋ.”

ದೊಡ್ಡವನು ಬಗ್ಗಿ ಫೋನು ತಗೊಳ್ಳಲು ಹೋದ. ಅಮ್ಮ ಅದರ ಮೇಲೆ ಕೈಯಿಟ್ಟುಕೊಂಡಿದ್ದಳು.

“ಬಾಚಣಿಗೆ ಬಿಟ್ಟು ಎದ್ದು ಹೋದ್ಲು ಅಂತ ಬರೆದಿದೀಯಲ್ಲಪ್ಪಾ. ನೀರು ಕುಡಿಸಿದ್ಲು ಅಂತ ಬರೆದಿದೀಯ. ಅವರ ಬಾಯಲ್ಲಿ ಸಾಕು ಅನ್ನಿಸಿದೀಯ.” ಅವಳ ದನಿ ಒಡೆಯಿತು. “ನಾನು ಆವತ್ತು ಎದ್ದು ಹೋಗ್ಲಿಲ್ಲ ಕಣೋ. ಕೂತೇ ಇದ್ದೆ. ಅವರು ಕೂಗಿದ್ದು ಕೇಳಿಸ್ತು, ಆದ್ರೂ ಕೂತಿದ್ದೆ. ಯಾರಿಗೂ ಹೇಳಿರ್ಲಿಲ್ಲ, ಈಗ ನಿನಗೆ ಹೇಳ್ತಿದೀನಿ. ನಿನಗೆ ಗೊತ್ತಿದ್ದು ಬರೆದ್ಯೋ, ಗೊತ್ತಿಲ್ದೆ ಬರೆದ್ಯೋ, ನನ್ನನ್ನ ಎಬ್ಬಿಸಿ ಒಳಗೆ ಕಳಿಸಿದೆ. ಇನ್ನು ನಾನು ಸತ್ರೂ ಚಿಂತೆ ಇಲ್ಲ.”

ಚಿಕ್ಕವನು ದಡ್ಡನಲ್ಲ. ಎಂದೂ ದಡ್ಡನಾಗಿರಲಿಲ್ಲ. “ಅಣ್ಣ ಅಲ್ಲೇ ಇದಾನಾ?” ಎಂದ.

“ಇದಾನೆ, ಇಲ್ಲೇ ನಿಂತಿದಾನೆ.”

“ಅಣ್ಣಾ. ಕನ್ನಡದಲ್ಲಿ ಆ ಭಾಗ ಈಗ ಓದಿದ ಹಾಗೇ ಇರಲಿ. ಅದೇ ಅಚ್ಚಾಗಲಿ. ಪ್ರಕಾಶಕರಿಗೆ ನಾನು ಹೇಳ್ತೀನಿ.” ಆಮೇಲೆ ಅಮ್ಮನಿಗೆ, “ಹೌದಮ್ಮ, ನನಗೆ ಹಾಗೇ ಬರೀಬೇಕು ಅನ್ನಿಸ್ತು,” ಎಂದ.

ಅಮ್ಮ ಉಳಿದಳು. ದೊಡ್ಡವನ ಎದೆಯಿಂದ ಒಂದು ಭಾರ ಇಳಿದ ಹಾಗಾಯಿತು. ಬದುಕಿನಲ್ಲಿ ತಾನು ಬರೆದ ಒಂದೇ ಒಂದು ಒಳ್ಳೆಯ ಪುಟ ತಮ್ಮನ ಹೆಸರಿನಲ್ಲಿ, ಬಂಗಾರದ ಮುದ್ರೆಯ ಕೆಳಗೆ ಅಚ್ಚಾಗುತ್ತದೆ. ಆಗಲಿ, ಹಾಳಾಗಿ ಹೋಗಲಿ ಎಂದುಕೊಂಡ. ನಿಜವಾಗಿಯೂ ಹಾಗೇ ಅಂದುಕೊಂಡ. ಅಷ್ಟಕ್ಕೇ ಮುಗಿದಿದ್ದರೆ ಅವನು ಆ ಕೋಣೆಯಿಂದ ಒಂದು ಥರದ ನೆಮ್ಮದಿಯಲ್ಲೇ ಹೊರಗೆ ಬರುತ್ತಿದ್ದ.

“ಅದೊಂದನ್ನ ಇವನು ಮುಟ್ಟದ ಹಾಗೆ ನೋಡ್ಕೋ,” ಎಂದಳು ಅಮ್ಮ, ಫೋನಿಗೆ ಬಾಯಿ ಹತ್ತಿರ ತಂದು, ಗುಟ್ಟು ಹೇಳುವವಳ ಹಾಗೆ, ಆದರೆ ಕಿವಿ ಮಂದವಾದವರ ಗಟ್ಟಿ ದನಿಯಲ್ಲಿ. “ದೊಡ್ಡವನು ಆವತ್ತು ಮನೇಲೇ ಇದ್ದ. ಕಿಟಕಿಯಿಂದ ನನ್ನನ್ನ ನೋಡ್ತಿದ್ದ. ಅವನು ನೋಡಿದ್ದನ್ನ ನಾನು ನೋಡ್ದೆ. ಅವತ್ತಿಂದ ಒಂದೇ ಹೆದರಿಕೆ ಕಣೋ ನನಗೆ, ಇವನು ಬರೆಯೋನು, ಎಲ್ಲಿ ಬರೆದುಬಿಡ್ತಾನೋ ಅಂತ. ಏನು ಬರೆದ್ರೂ ಮೊದಲು ನನಗೆ ಓದು ಅಂತ ಪಟ್ಟು ಹಿಡೀತಿದ್ದದ್ದು ಮತ್ಯಾಕೆ? ಕಥೆ ಕೇಳೋ ಚಪಲಕ್ಕಾ? ಒಂದೊಂದು ಕಥೆ ಓದುವಾಗ್ಲೂ ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ. ಇವನು ಬರೆಯೋದು ನಿಲ್ಲಿಸಿದ ದಿನ ದೇವರಿಗೆ ಕೈ ಮುಗಿದೆ.”

ಹೆಂಡತಿ ಬಾಗಿಲಲ್ಲಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಚಿಕ್ಕವನು ಅಮ್ಮಾ ಎಂದ, ಮುಂದಕ್ಕೆ ಮಾತು ಬರಲಿಲ್ಲ. ಅಣ್ಣ ಹಾಗೆ ಬರೆಯುವವನಲ್ಲ ಎನ್ನಬಹುದಿತ್ತು. ಹಾಗೆ ಬರೆದವನು ನಾನು ಎನ್ನಬಹುದಿತ್ತು. ಅವನು ಹೇಳಿಬಿಟ್ಟಾನು ಎಂದು ದೊಡ್ಡವನು ಅರೆಗಳಿಗೆ ಕಾದ, ಹೇಳದಿರಲಿ ಎಂದೂ ಕಾದ. ಅಮ್ಮ ಕುರುಡು ಕಣ್ಣನ್ನು ಅವನಿದ್ದಾನೆ ಎಂದುಕೊಂಡ ಕಡೆಗೆ ತಿರುಗಿಸಿದಳು. ಅವನು ಇದ್ದದ್ದು ಇನ್ನೊಂದು ಕಡೆ.

“ಬಯ್ತಿಲ್ಲ ಕಣೋ ನಿನ್ನನ್ನ,” ಎಂದಳು. “ಇದ್ದದ್ದು ಇದ್ದ ಹಾಗೆ ಹೇಳೋ ಸ್ವಭಾವ ನಿಂದು, ನೀನೇನು ಮಾಡ್ತೀಯ. ಈ ಕಥೆ ನಿನ್ನ ಕೈಗೆ ಸಿಕ್ಕಿದ್ರೆ ನನ್ನ ಮಾನ ಬೀದಿಗೆ ಬೀಳ್ತಿತ್ತು. ಅಲ್ಲವೇನೋ ದೊಡ್ಡವನೇ?”

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಫೋನಿನಲ್ಲಿ ತಮ್ಮನೂ ಕಾಯುತ್ತಿದ್ದ.

“ಹೌದಮ್ಮ,” ಎಂದ ಅವನು. “ನಾನಾಗಿದ್ರೆ ಬರೆದುಬಿಡ್ತಿದ್ದೆ.”